ಗೋಡೆಗೂ ಹೊಡೆಯುವಂತಿಲ್ಲ

20-1-2003, ಸೋಮವಾರ. ಸಂಜೆ

ಬೆಳಿಗ್ಗೆ ಏಳಕ್ಕೆ ಲ್ಯಾಬ್. ಫಾಸ್ಟಿಂಗ್ ಶುಗರ್‌ನವರು ಆಗಲೇ ಬೆಂಚಿನ ತುಂಬ. ಸೋಮವಾರ ಯಾವಾಗಲೂ ಹೀಗೇ — ಭಾನುವಾರ ಹೋಳಿಗೆ ಹೊಡೆದು ಸೋಮವಾರ ರಕ್ತ ಕೊಡಲು ಬರುವ ಜನ. ಒಂಬತ್ತರೊಳಗೆ ಇಪ್ಪತ್ತಾರು ಸ್ಯಾಂಪಲ್. ‘ನಿಮ್ಮ ಕೈ ಹೂವಿನಂಥದು ಮೇಡಂ, ಚುಚ್ಚಿದ್ದೇ ಗೊತ್ತಾಗಲ್ಲ’ ಎಂದಳು ಒಬ್ಬ ಅಜ್ಜಿ. ಹನ್ನೊಂದು ವರ್ಷದಿಂದ ಇದೇ ಮಾತು ಕೇಳುತ್ತಿದ್ದೇನೆ. ನನಗಿರುವ ಹೆಮ್ಮೆ ಅದೊಂದೇ.

ಇಪ್ಪತ್ತೇಳನೆಯವರು ಷಣ್ಮುಖಪ್ಪ ಎಂಬ ರಿಟೈರ್ಡ್ ಮೇಷ್ಟ್ರು. ಸೂಜಿ ಒಳಗೆ ಹೋಗಿತ್ತು. ಹಿಂದೆ ಆಯಾ ಕೈಯಿಂದ ಸ್ಟೀಲ್ ಟ್ರೇ ಜಾರಿತು. ಬಿತ್ತು. ಅಷ್ಟೇ.

ನನ್ನ ಕೈ ನಿಂತುಹೋಯಿತು. ಉಸಿರು ಇಲ್ಲ. ಕಿವಿಯಲ್ಲಿ ಕುಂಯ್ ಎಂದು ಸದ್ದು. ಸೂಜಿ ಅವರ ತೋಳಿನಲ್ಲಿ, ನಾನು ಎಲ್ಲೋ. ‘ತಾಯೀ, ಸೂಜಿ ತೆಗೀರಿ’ ಎಂದು ಅವರು ಮೂರು ಸಲ ಹೇಳಿದರಂತೆ. ನನಗೆ ಒಂದೂ ಕೇಳಿಸಲಿಲ್ಲ. ತೋಳು ಮೊಟ್ಟೆಯಷ್ಟು ಊದಿ ನೀಲಿಯಾಯಿತು.

ಲ್ಯಾಬಿನ ಯಜಮಾನರು ಡಾ. ಶಿವಯೋಗಪ್ಪನವರು ಒಳಗೆ ಕರೆದರು. ‘ಪುಟ್ಟಲಕ್ಷ್ಮಿ, ಇದು ಎರಡನೇ ಸಲ. ಹೋದ ತಿಂಗಳು ಬಾಗಿಲು ಬಡಿದಾಗಲೂ ಹೀಗೇ ಆಯ್ತು. ಒಂದು ಸಲ ಸೈಕಿಯಾಟ್ರಿಸ್ಟ್ ಹತ್ರ ಹೋಗಿ ಬಾರಮ್ಮ. ನಾನೇ ಚೀಟಿ ಕೊಡ್ತೀನಿ.’

‘ನಂಗೆ ಹುಚ್ಚಿಲ್ಲ ಸರ್.’

‘ಹುಚ್ಚು ಅಂತ ಯಾರು ಹೇಳಿದ್ರು?’

ಚೀಟಿ ಪರ್ಸಿನಲ್ಲಿದೆ. ಹೋಗುವುದಿಲ್ಲ.

21-1, ಮಂಗಳವಾರ

ಇವರಿಗೆ ಚೀಟಿ ಸಿಕ್ಕಿತು. ಚಿಲ್ಲರೆ ಹುಡುಕಲು ಪರ್ಸ್ ತೆಗೆದಿದ್ದರಂತೆ. ‘ಹೋಗಿ ಬರೋಣ, ಅದಕ್ಕೇನು?’ ಎಂದರು. ಹಲ್ಲು ನೋವಿಗೆ ಹೋಗೋಣ ಎನ್ನುವ ಹಾಗೆ.

ಕಿರುಚಾಡಿದೆ. ನಿಮಗೆ ನಾನು ಬೇಡವಾದೆನಾ, ಹುಚ್ಚಿ ಎಂದು ಸರ್ಟಿಫಿಕೇಟ್ ಬೇಕಾ... ಏನೇನೋ. ಟಿಫಿನ್ ಕ್ಯಾರಿಯರ್ ಎತ್ತಿ ನೆಲಕ್ಕೆ ಕುಕ್ಕಿದೆ. ಚಿತ್ರಾನ್ನ ಮನೆಯೆಲ್ಲ. ಇವರು ಕುಕ್ಕರುಗಾಲಿನಲ್ಲಿ ಕೂತು ಅನ್ನ ಬಳಿದರು. ಒಂದು ಮಾತೂ ಆಡಲಿಲ್ಲ. ಅದಕ್ಕೂ ಸಿಟ್ಟು ಬಂತು ನನಗೆ. ಬೈಯಬಾರದೇ ಈ ಮನುಷ್ಯ? ಬೈದರೆ ಮುಗಿಯುತ್ತದೆ. ಬೈಯದಿದ್ದರೆ ಕಾಯಬೇಕು — ಯಾವಾಗ, ಯಾವಾಗ ಎಂದು.

ಮದುವೆಯಾಗಿ ಎಂಟು ವರ್ಷ. ಬೀರಪ್ಪ ಡ್ರೈವರ್ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳಬಹುದು ಎಂದು ಶಿವಮೊಗ್ಗದ ಸಿಟಿ ಸ್ಟ್ಯಾಂಡಿನಲ್ಲಿ ಹೆಸರು. ಹೋಗುವಾಗ ಹೇಗಿದ್ದರೋ ಬರುವಾಗಲೂ ಹಾಗೇ. ಎಂಟು ವರ್ಷದಿಂದ ನಾನು ಕಾಯುತ್ತಲೇ ಇದ್ದೇನೆ, ಇವರ ಇನ್ನೊಂದು ಮುಖ ಯಾವತ್ತು ಹೊರಗೆ ಬರುತ್ತದೋ ಎಂದು.

3-2, ಸೋಮವಾರ

ಹೋದೆ.

ಡಾ. ಉಮಾಮಹೇಶ್ವರಿ. ನನ್ನದೇ ವಯಸ್ಸು, ಕಾಟನ್ ಸೀರೆ. ನಿದ್ದೆ, ಊಟ, ಎದೆಬಡಿತ ಎಲ್ಲ ಕೇಳಿದರು. ಆಮೇಲೆ — ‘ಮನೇಲಿ ಚಿಕ್ಕವರಿದ್ದಾಗ ಹೇಗಿತ್ತು?’

‘ಚೆನ್ನಾಗಿತ್ತು.’

‘ಅಪ್ಪ ಹೊಡೀತಿದ್ರಾ?’

‘ಇಲ್ಲ. ಎಲ್ಲಾ ಸೇರಿ ಮೂರ್ನಾಲ್ಕು ಸಲ ಇರಬಹುದು. ಅದು ಯಾರ ಮನೇಲಿ ಇಲ್ಲ?’

ಅವರು ಅದನ್ನು ಬರೆದುಕೊಂಡರು. ನಂತರ ಯಾಕೋ ಗಾಜನೂರಿನ ಕಥೆ ಹೇಳಿಬಿಟ್ಟೆ. ಯಾರಿಗೂ ಹೇಳಿದ್ದಲ್ಲ.

ನನಗೆ ಹತ್ತು, ತಮ್ಮ ಪ್ರಕಾಶನಿಗೆ ಐದು. ಅಪ್ಪನಿಗೆ ಭದ್ರಾವತಿಯಲ್ಲಿ ಫೌಂಡ್ರಿ ಕೆಲಸ. ಒಂದು ವಾರದ ರಜೆಯಲ್ಲಿ, ‘ಏಳ್ರೋ, ಗಾಜನೂರು ಡ್ಯಾಮಿಗೆ ಹೋಗೋಣ’ ಎಂದ. ಬಸ್ಸಿನಲ್ಲಿ ಪ್ರಕಾಶನನ್ನು ತೊಡೆ ಮೇಲೆ ಕೂರಿಸಿಕೊಂಡು ಹಾಡು. ನನಗೆ ರಿಬ್ಬನ್ ಕೊಡಿಸಿದ. ನೀರಿನ ಹತ್ತಿರ ಕೂತು ಬುತ್ತಿ ಬಿಚ್ಚಿದೆವು. ಅಮ್ಮ, ‘ಉಪ್ಪು ಒಂಚೂರು ಜಾಸ್ತಿ ಆಯ್ತೇನೋ’ ಎಂದಳು. ತಾನೇ ಮಾಡಿದ್ದಕ್ಕೆ ತಾನೇ ಅಂದುಕೊಂಡ ಮಾತು. ಅಪ್ಪ ಕೈಯಲ್ಲಿದ್ದ ತುತ್ತು ಕೆಳಗೆ ಹಾಕಿದ. ಎದ್ದ. ರಸ್ತೆಗೆ ಹೋಗಿ ಬಸ್ಸು ಹತ್ತಿ ಹೊರಟುಹೋದ. ದುಡ್ಡೆಲ್ಲ ಅವನ ಜೇಬಿನಲ್ಲಿ. ನಾವು ಮೂವರು ಎಷ್ಟೋ ದೂರ ನಡೆದು, ಮರಳಿನ ಲಾರಿಯವನ ಕಾಲು ಹಿಡಿದು ಶಿವಮೊಗ್ಗ ಸೇರಿ, ಗೊತ್ತಿದ್ದ ಕಂಡಕ್ಟರ್ ಒಬ್ಬ ಸಿಕ್ಕಿ ಭದ್ರಾವತಿ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಅಪ್ಪ ಮೊಟ್ಟೆ ಸಾರು ಮಾಡಿಟ್ಟು ಬಾಗಿಲಲ್ಲಿ ನಗುತ್ತ ನಿಂತಿದ್ದ. ‘ಎಲ್ಲಿ ಹಾಳಾಗಿ ಹೋಗಿದ್ರಿ? ಬನ್ನಿ, ಬಿಸಿ ಇದೆ.’

ನಾವೂ ನಕ್ಕು ಉಂಡೆವು. ಯಾರೂ ಏನೂ ಕೇಳಲಿಲ್ಲ.

‘ಆ ನಗು ನೋಡಿದಾಗ ನಿಮಗೆ ಏನನ್ನಿಸ್ತು?’ ಎಂದರು ಡಾಕ್ಟರು.

‘ಹೆದರಿಕೆ. ಬಸ್ಸು ಹತ್ತಿ ಹೋದಾಗ ಆದದ್ದಕ್ಕಿಂತ ಜಾಸ್ತಿ.’

ಅಮ್ಮನೂ ಹಾಗೇ. ಸ್ಕೂಲಿಂದ ಬಂದರೆ ಬೀಗ. ಪಕ್ಕದ ಮನೆ ತಮಿಳು ಆಂಟಿ ಕೈಯಲ್ಲಿ ಕೀಲಿ. ‘ಅಮ್ಮ ಊರುಕ್ಕು ಪೋಯಿಟ್ಟಾಳ್’ ಎನ್ನುತ್ತಿದ್ದರು. ಊರಿಗೆ ಹೋದಳು ಎಂದರೆ ತರೀಕೆರೆಗೆ, ತವರಿಗೆ. ನಾಲ್ಕು ದಿನಕ್ಕೋ ಇಪ್ಪತ್ತು ದಿನಕ್ಕೋ, ಹೇಳಿ ಹೋಗಿದ್ದಿಲ್ಲ. ಒಂದು ದಿನ ಬಂದರೆ ಅಮ್ಮ ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿರುತ್ತಿದ್ದಳು. ಏನೂ ಆಗಿಲ್ಲ ಎನ್ನುವ ಹಾಗೆ.

ಡಾಕ್ಟರು ಹೇಳಿದ್ದು ಇಷ್ಟು. ಹೊಡೆತಕ್ಕೆ ಮೈ ಒಗ್ಗಿಕೊಳ್ಳಬಹುದು. ಯಾವಾಗ ಏನು ಎಂದು ಗೊತ್ತಿಲ್ಲದ್ದಕ್ಕೆ ಒಗ್ಗುವುದಿಲ್ಲ, ಅದು ಕಾವಲು ಕೂರುತ್ತದೆ. ‘ನಿಮ್ಮ ಮೈ ಇನ್ನೂ ಕಾವಲಿದೆ ಪುಟ್ಟಲಕ್ಷ್ಮಿ. ಟ್ರೇ ಬಿದ್ರೂ ಅದಕ್ಕೆ ಅಪ್ಪನೇ.’

ಮಾತ್ರೆ ಕೊಟ್ಟರು. ಎರಡು ವಾರಕ್ಕೊಮ್ಮೆ ಬರಬೇಕು. ಕೈ ನಡುಗಿದಾಗ ಬರೆಯಬೇಕಂತೆ. ಬರೆಯುತ್ತಲೇ ಇದ್ದೇನಲ್ಲ ಎಂದೆ.

ಹೊರಗೆ ಇವರು ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ಏನಂದರು ಎಂದು ಕೇಳಲಿಲ್ಲ. ‘ಟೀ ಕುಡೀತೀಯಾ?’ ಎಂದರು.

12-2, ಬುಧವಾರ

ಅಮ್ಮನ ಫೋನ್, ಲ್ಯಾಬಿಗೇ. ಪ್ರಕಾಶನಿಗೆ ಹೆಣ್ಣು ನೋಡಿದ್ದಾರೆ. ಶಿವಮೊಗ್ಗದವಳೇ, ಶೀಲಾ, ನರ್ಸರಿ ಸ್ಕೂಲ್ ಟೀಚರ್. ಒಳ್ಳೆಯ ಜನ. ಎಲ್ಲ ಹೇಳಿ ದನಿ ತಗ್ಗಿಸಿದಳು.

‘ನೀನು ಆ ಡಾಕ್ಟರ್ ಹತ್ರ ಹೋಗೋದನ್ನ ಯಾರೋ ನೋಡಿದಾರೆ ಕಣೇ. ಹೌದಾ?’

‘ಹೌದು.’

‘ಅಯ್ಯೋ ಮಾರಾಯ್ತಿ! ಮದುವೆ ಮಾತು ನಡೀತಿರೋವಾಗ... ಯಾರಾದ್ರೂ ಕೇಳಿದ್ರೆ ಥೈರಾಯ್ಡ್ ಅನ್ನು.’

‘ಥೈರಾಯ್ಡ್ ನೋಡೋಕೆ ಅವರು ಯಾಕಮ್ಮ?’

‘ನಿಂಗೇನು ಕಮ್ಮಿ ಆಗಿತ್ತು ಅಂತ ಈ ನಾಟಕ? ನಿಮ್ಮಪ್ಪ ನಿನ್ನ ಉಪವಾಸ ಕೆಡವಿದ್ನಾ?’

ಕೆಡವಲಿಲ್ಲ. ಅದೇ ಕಷ್ಟ. ಉಪವಾಸ ಕೆಡವಿದ್ದರೆ ಜನಕ್ಕೆ ತೋರಿಸಬಹುದಿತ್ತು.

ಮಾತ್ರೆಯಿಂದ ಬೆಳಿಗ್ಗೆ ತಲೆ ಭಾರ. ಅಮ್ಮ ಹೇಳುವುದೂ ನಿಜವಿರಬಹುದೇ... ನಾನೇ ದೊಡ್ಡದು ಮಾಡುತ್ತಿದ್ದೇನೆಯೇ?

ಸಾಕು. ನಾಳೆಯಿಂದ ಮಾತ್ರೆ ಇಲ್ಲ.

27-3, ಗುರುವಾರ. ಮಧ್ಯಾಹ್ನ 3.30

ಒಂದೂವರೆ ತಿಂಗಳು ಬರೆದಿಲ್ಲ. ಮಾತ್ರೆ ಬಿಟ್ಟಿದ್ದೆ, ಡಾಕ್ಟರನ್ನೂ ಬಿಟ್ಟಿದ್ದೆ. ಲ್ಯಾಬಿನಲ್ಲಿ ಸೂಜಿ ಮುಟ್ಟಿಲ್ಲ, ಬರೀ ರಿಪೋರ್ಟ್ ಬರೆಯುವ ಕೆಲಸ. ಚೆನ್ನಾಗಿದ್ದೇನೆ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಈಗ ಬರೆಯಲೇಬೇಕು.

ಮಗಳು ಕವನ ಸ್ಕೂಲಿಂದ ಬಂದಳು. ಒಂದನೇ ಕ್ಲಾಸು, ಆರು ವರ್ಷ. ನಾನು ಅಡುಗೆಮನೆಯಲ್ಲಿದ್ದೆ. ಒಳಗೆ ಬರಲಿಲ್ಲ. ತಿರುಗಿ ನೋಡಿದರೆ ಹೊಸ್ತಿಲಲ್ಲಿ ನಿಂತಿದ್ದಾಳೆ. ಬೆನ್ನಿಗೆ ಬ್ಯಾಗು, ಕಾಲಲ್ಲಿ ಶೂ. ನನ್ನ ಮುಖ ನೋಡುತ್ತಿದ್ದಾಳೆ. ಹುಬ್ಬು, ಬಾಯಿ, ಕೈಯಲ್ಲಿದ್ದ ಸೌಟು, ಮತ್ತೆ ಹುಬ್ಬು. ನಿಧಾನಕ್ಕೆ, ಲೆಕ್ಕ ಹಾಕುವ ಹಾಗೆ.

‘ಯಾಕೆ ಅಲ್ಲೇ ನಿಂತೆ?’

‘ನೋಡ್ತಿದೀನಿ.’

‘ಏನನ್ನ?’

‘ಇವತ್ತು ಬೈತೀಯೋ ಮುದ್ದು ಮಾಡ್ತೀಯೋ ಅಂತ.’

ಸೌಟು ಕೆಳಗಿಟ್ಟೆ. ಒಲೆ ಆರಿಸಿದೆ. ನೆಲದಲ್ಲೇ ಕೂತೆ. ನಿನ್ನೆ ಬಳಪ ಮುರಿದದ್ದಕ್ಕೆ ಕಿರುಚಿದ್ದೆ. ಮೊನ್ನೆ ಹಾಲು ಚೆಲ್ಲಿದ್ದಕ್ಕೆ ಎತ್ತಿ ಮುತ್ತು ಕೊಟ್ಟಿದ್ದೆ. ಮಗುವಿಗೆ ಹೇಗೆ ಗೊತ್ತಾಗಬೇಕು?

ನನಗೆ ಈ ವಿದ್ಯೆ ಕಲಿಯಲು ಎಂಟು ವರ್ಷ ತುಂಬಬೇಕಾಗಿತ್ತು. ಇವಳು ಆರಕ್ಕೇ ಕಲಿತಿದ್ದಾಳೆ. ಕಲಿಸಿದವಳು ನಾನು.

ಇಲ್ಲ. ಈ ವಿದ್ಯೆ ನನ್ನ ಮನೆಯಲ್ಲಿ ಮುಂದಕ್ಕೆ ಹೋಗುವುದಿಲ್ಲ. ಅಮ್ಮ ಏನಾದರೂ ಅಂದುಕೊಳ್ಳಲಿ, ಊರು ಏನಾದರೂ ಅಂದುಕೊಳ್ಳಲಿ, ಮದುವೆ ನಿಲ್ಲುವುದಾದರೆ ನಿಲ್ಲಲಿ. ಐದಕ್ಕೆ ಇವರು ಬರುತ್ತಾರೆ. ಐದೂವರೆಗೆ ಡಾಕ್ಟರ್ ಕ್ಲಿನಿಕ್. ಅಪಾಯಿಂಟ್‌ಮೆಂಟ್ ಇಲ್ಲ. ಹೋಗಿ ಬಾಗಿಲಲ್ಲಿ ಕೂರುತ್ತೇನೆ.

20-4, ಭಾನುವಾರ. ಸಂಜೆ 6.30

ಭದ್ರಾವತಿಯಿಂದ ಈಗ ಬಂದೆವು, ನಾನು ಮತ್ತು ಕವನ. ಅಕ್ಷರ ಸೊಟ್ಟ. ಪರವಾಗಿಲ್ಲ.

ಅಲ್ಲಿ ಜನ್ನಾಪುರದ ಅಪ್ಪನ ಮನೆಯಲ್ಲಿ ಹೆಣ್ಣಿನ ಕಡೆಯವರು. ಶೀಲಾ, ಅವಳ ಅಪ್ಪ ಅಮ್ಮ, ಒಬ್ಬರು ಸೋದರತ್ತೆ. ಅಪ್ಪ ಇವತ್ತು ಒಳ್ಳೆಯ ಅಪ್ಪ. ಇಸ್ತ್ರಿ ಅಂಗಿ, ಜೋಕು. ‘ಇವ್ಳು ನಮ್ಮ ಪುಟ್ಟಿ’ ಎಂದು ನನ್ನ ಹೆಗಲ ಮೇಲೆ ಕೈ ಹಾಕಿದ. ಒಳ್ಳೆಯ ದಿನ ನಾನು ಪುಟ್ಟಿ, ಕೆಟ್ಟ ದಿನ ಲಕ್ಷ್ಮಿ.

ಕಾಫಿ ಕೊಡುವಾಗ ಸೋದರತ್ತೆ ಕೇಳಿಯೇಬಿಟ್ಟರು. ‘ನಿಮಗೇನೋ ಹುಷಾರಿಲ್ಲ ಅಂತ ಕೇಳಿದ್ವಿ?’

ಅಮ್ಮ ಬಾಯಿ ಹಾಕಿದಳು. ‘ಥೈ—’

‘ಮಾನಸಿಕ ಡಾಕ್ಟರ್ ಹತ್ರ ಹೋಗ್ತಿದೀನಿ’ ಎಂದೆ. ‘ಗಾಬರಿ ಕಾಯಿಲೆ. ಮಾತ್ರೆ ತಗೋತಿದೀನಿ. ಗುಣ ಆಗ್ತಿದೆ.’

ಸೋದರತ್ತೆ ಲೋಟದೊಳಗೆ ನೋಡಿದರು. ಶೀಲಾ ಮಾತ್ರ ನನ್ನನ್ನೇ ನೋಡುತ್ತಿದ್ದಳು, ಬೇರೆ ರೀತಿ. ‘ತಿಳಿಸ್ತೀವಿ’ ಎಂದು ಎದ್ದರು ಅವರು.

ಪ್ರಕಾಶ ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ಹೋದ. ಅವರ ಆಟೋ ತಿರುವು ದಾಟಿತು. ಅಪ್ಪ ಬಾಗಿಲು ಹಾಕಿದ.

‘ಲಕ್ಷ್ಮೀ.’

ಮೂವತ್ತು ವರ್ಷ ನನಗೆ. ಆ ಒಂದು ಕೂಗಿಗೆ ಮತ್ತೆ ಹತ್ತು. ಆದರೂ ನಿಂತೆ. ಕವನಳ ಕೈ ಹಿಡಿದು ನಿಂತೆ.

‘ಮನೆ ಮಾನ ಹರಾಜು ಹಾಕ್ದೆ. ನಂಗೆ ಹುಟ್ಟಿದವಳು ಹುಚ್ಚಿ ಅಂತ ಊರಿಗೆಲ್ಲ ಡಂಗುರ ಹೊಡೆದ್ಯಲ್ಲ! ಯಾರು ನಿನ್ನ ಹುಚ್ಚಿ ಮಾಡಿದ್ದು? ನಾನಾ?’

‘ಅಪ್ಪ, ಕೂತ್ಕೊಂಡು ಕೇಳು, ಹೇಳ್ತೀನಿ. ನಿಂತು ಕೂಗೋದಾದ್ರೆ ನಾನು ಹೊರಡ್ತೀನಿ.’

ಈ ಮಾತು ಹೇಳಲು ಡಾಕ್ಟರ ಮುಂದೆ ಎಷ್ಟು ಸಲ ಪ್ರಾಕ್ಟೀಸ್ ಮಾಡಿದ್ದೆನೋ. ಬಾಯಿಂದ ಬಂದಾಗ ನನ್ನ ದನಿಯೇ ಅಲ್ಲ ಎನ್ನಿಸಿತು.

ಅಪ್ಪ ಕಾಫಿ ಲೋಟ ಎತ್ತಿ ಎಸೆದ. ನನ್ನ ಮೇಲಲ್ಲ, ಟಿವಿ ಪಕ್ಕದ ಗೋಡೆಗೆ. ಯಾವಾಗಲೂ ಹೀಗೇ — ಯಾರಿಗೂ ತಾಗದ ಹಾಗೆ. ಅದಕ್ಕೇ ಯಾರೂ ಏನೂ ಅನ್ನುವಂತಿಲ್ಲ. ಕವನ ನನ್ನ ಸೀರೆಯೊಳಗೆ ಸೇರಿದಳು.

ಚಪ್ಪಲಿ ಮೆಟ್ಟಿ ಹೊರಟೆ. ಅಮ್ಮ ಗೇಟಿನವರೆಗೂ ಬಂದಳು. ‘ಈಗ ಹೋದ್ರೆ ಮತ್ತೆ ಬರಬೇಡ!’

‘ನಾನೆಲ್ಲಿಗೆ ಹೋಗ್ತಿದೀನಿ ಅಂತ ಹೇಳಿ ಹೋಗ್ತಿದೀನಮ್ಮ. ಶಿವಮೊಗ್ಗಕ್ಕೆ. ನನ್ನ ಮನೆಗೆ.’

ಬಸ್ಸಿನಲ್ಲಿ ಕವನಳಿಗೆ ಹೇಳಿದೆ. ತಾತನಿಗೆ ಸಿಟ್ಟು ಬಂತು, ಅದು ನಿನ್ನಿಂದ ಬಂದದ್ದಲ್ಲ. ಅವಳು ಯೋಚಿಸಿ ಕೇಳಿದಳು, ‘ನಿನ್ನಿಂದ?’

‘ನನ್ನಿಂದಲೂ ಅಲ್ಲ.’

ಹೇಳಿದ ಮೇಲೆ ಗೊತ್ತಾಯಿತು, ಈ ಮಾತನ್ನು ಮೊದಲ ಸಲ ಹೇಳುತ್ತಿದ್ದೇನೆ ಎಂದು.

9-5, ಶುಕ್ರವಾರ

ಲ್ಯಾಬಿಗೆ ಶೀಲಾ ಬಂದಳು. ಬ್ಲಡ್ ಗ್ರೂಪ್ ನೋಡಿಸಬೇಕು ಎಂದಳು. ಉಂಗುರದ ಬೆರಳಿಗೆ ಚುಚ್ಚಿದೆ. (ಹೋದ ವಾರದಿಂದ ಮತ್ತೆ ಸೂಜಿ ಹಿಡಿದಿದ್ದೇನೆ. ಕೈ ಅಲುಗುವುದಿಲ್ಲ.) ಹತ್ತಿ ಒತ್ತಿಕೊಂಡು ಕೂತೇ ಇದ್ದಳು.

‘ಗ್ರೂಪ್ ನಂಗೆ ಗೊತ್ತಿದೆ ಅಕ್ಕ. ಒಂದು ವಿಷಯ ಕೇಳಬೇಕಿತ್ತು. ನಮ್ಮನೇಲಿ ನಿಮ್ಮ ಕಾಯಿಲೆ ಬಗ್ಗೆ ಮಾತಾಡ್ತಾ ಇದಾರೆ. ನಂಗೆ ಅದಲ್ಲ. ನಿಮ್ಮ ತಮ್ಮ ಹೇಗೆ?’

ಏನು ಹೇಳಲಿ? ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಬೀಗ ಹಾಕಿದ ಬಾಗಿಲ ಮುಂದೆ ಅವನಿಗೆ ಬಿಸ್ಕತ್ತು ನೆನೆಸಿ ತಿನ್ನಿಸಿದವಳು.

‘ಒಳ್ಳೆಯವನು. ಕುಡಿಯಲ್ಲ. ಹೆಣ್ಣುಮಕ್ಕಳ ಮೇಲೆ ಕೈ ಮಾಡಲ್ಲ’ ಎಂದೆ.

‘ಆದ್ರೆ?’

ಜಾಣೆ ಹುಡುಗಿ.

‘ಆದ್ರೆ ಸಿಟ್ಟು ಬಂದ್ರೆ ಗೋಡೆಗೆ ಗುದ್ದುತಾನೆ. ಒಂದ್ಸಲ ಕೈ ಮೂಳೆನೇ ಮುರ್ಕೊಂಡಿದ್ದ. ಆಮೇಲೆ ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಹೂವು, ಸ್ವೀಟು. ನಮ್ಮಪ್ಪನ ಹತ್ರ ಕಲ್ತಿದ್ದು. ಅವನಿಗೆ ಅದು ಗೊತ್ತಿಲ್ಲ. ಮದುವೆ ಬೇಡ ಅಂತ ನಾನು ಹೇಳ್ತಿಲ್ಲಮ್ಮ. ಅವನನ್ನೇ ಕೇಳು. ಮೊದಲೇ ಕೇಳು.’

ಅವಳು ಹೋದ ಮೇಲೆ ಟಾಯ್ಲೆಟ್ಟಿಗೆ ಹೋಗಿ ಅತ್ತೆ. ಒಡಹುಟ್ಟಿದವನ ಮದುವೆಗೆ ಕಲ್ಲು ಹಾಕಿದೆನಾ? ಹಾಕಿದ್ದರೆ ಹಾಕಿದೆ. ನನ್ನ ಅಮ್ಮನಿಗೆ ಯಾರಾದರೂ ಹೀಗೆ ಮೊದಲೇ ಹೇಳಿದ್ದರೆ ಎಂದು ಯೋಚಿಸಿದೆ. ಅಳು ನಿಂತಿತು.

18-5, ಭಾನುವಾರ

ಪ್ರಕಾಶ ಬಂದ. ಇವರು ಡ್ಯೂಟಿಯಲ್ಲಿದ್ದರು. ಬಾಗಿಲಿಂದಲೇ ಶುರು.

‘ಏನಕ್ಕ ಹೇಳ್ದೆ ಅವಳಿಗೆ? ಆರು ತಿಂಗಳು ಟೈಮ್ ಕೊಡಿ ಅಂತಿದಾಳೆ! ನನ್ನ ಕೈ ಹಿಡ್ಕೊಂಡು ಗೆಣ್ಣು ಎಣಿಸಿದ್ಲು. ಇದು ಯಾವ ಗೋಡೆದು ಅಂತ ಕೇಳ್ತಾಳೆ!’

‘ನಿಜ ಹೇಳ್ದೆ.’

‘ನಿಂಗೆ ಹುಚ್ಚು. ನಿನ್ನ ಹುಚ್ಚು ನಂಗೂ ಅಂಟಿಸ್ಬೇಡ. ಅಪ್ಪ ಏನು ಮಾಡಿದಾನೆ ಅಂತ? ನಾನೂ ಅದೇ ಮನೇಲಿ ಬೆಳೆದಿಲ್ವಾ? ನಾನು ಆರಾಮಾಗಿಲ್ವಾ?’

ಹೇಳುತ್ತ ಹೇಳುತ್ತ ಮುಷ್ಟಿ ಕಟ್ಟಿತು. ಬಲಗೈ ಹಿಂದಕ್ಕೆ ಹೋಯಿತು. ಕವನ ಮೂಲೆಯಲ್ಲಿ ಚಿತ್ರ ಬರೆಯುತ್ತಿದ್ದವಳು ಪೆನ್ಸಿಲ್ ನಿಲ್ಲಿಸಿದಳು.

ಹೇಗೆ ಹೋದೆನೋ, ಅವನಿಗೂ ಗೋಡೆಗೂ ನಡುವೆ ನಿಂತಿದ್ದೆ.

‘ಬೇಡ.’

‘ನಿಂಗೆ ಹೊಡೀತಿಲ್ಲ ಅಕ್ಕ, ಸರಿ ಆಕಡೆ!’

‘ಗೊತ್ತು. ಈ ಮನೇಲಿ ಗೋಡೆಗೂ ಹೊಡೆಯೋ ಹಾಗಿಲ್ಲ ಪ್ರಕಾಶ. ಕೂಗೋದಿದ್ರೆ ಹೊರಗೆ ಹೋಗಿ ಕೂಗಿ ಬಾ. ಬಾಗ್ಲು ತೆಗೆದಿರ್ತೀನಿ.’

ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಅವನ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು. ಕೊನೆಗೆ ಕೈ ಕೆಳಗೆ ಬಂತು. ಹೊರಗೆ ಹೋದ. ಹೋಗಿಬಿಟ್ಟ ಎಂದುಕೊಂಡೆ. ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದಾನೆ, ತಲೆ ಮಂಡಿಯಲ್ಲಿ. ಪಕ್ಕದಲ್ಲಿ ಕೂತೆ.

ತಲೆ ಎತ್ತದೆಯೇ ಹೇಳಿದ. ‘ಇವತ್ತಿಗೂ ಕೆಲಸದಿಂದ ಬಂದ ತಕ್ಷಣ ಅಪ್ಪನ ಚಪ್ಪಲಿ ನೋಡ್ತೀನಿ ಅಕ್ಕ. ಜೋಡಿಸಿಟ್ಟಿದ್ರೆ ಒಳಗೆ ಹೋಗ್ತೀನಿ. ದಿಕ್ಕಾಪಾಲಾಗಿದ್ರೆ ಒಂದು ರೌಂಡ್ ಹಾಕಿ ಬರ್ತೀನಿ. ಇಪ್ಪತ್ತೈದು ವರ್ಷದ ಗಂಡಸು ನಾನು.’

‘ಆರಾಮಾಗಿದೀನಿ ಅಂದ್ಯಲ್ಲ’ ಎಂದೆ.

ನಕ್ಕ. ಅಳುತ್ತಲೇ ನಕ್ಕ. ಒಳಗೆ ಕರೆದು ಅನ್ನ ಹಾಕಿದೆ.

6-7, ಭಾನುವಾರ

ಪ್ರಕಾಶ ಡಾಕ್ಟರ ಹತ್ತಿರ ಎರಡು ಸಲ ಹೋಗಿ ಬಂದ. ಮನೆಯಲ್ಲಿ ‘ಶಿವಮೊಗ್ಗ ಗಾಂಧಿ ಬಜಾರಿಗೆ ಹೋಗಿದ್ದೆ’ ಎನ್ನುತ್ತಾನಂತೆ. ಶೀಲಾಗೆ ಮಾತ್ರ ನಿಜ ಹೇಳಿದ್ದಾನೆ. ಅವಳೂ ಮನೆಯವರನ್ನು ಒಪ್ಪಿಸುತ್ತಿದ್ದಾಳೆ. ಡಿಸೆಂಬರ್ ಎನ್ನುತ್ತಿದ್ದಾರೆ.

ಅಮ್ಮ ಫೋನಿನಲ್ಲಿ ನನ್ನ ಜೊತೆ ಮಾತಾಡುವುದಿಲ್ಲ. ಕವನಳನ್ನು ಕೇಳುತ್ತಾಳೆ. ಕೇಳಲಿ. ಬೇಸರವಿಲ್ಲ ಎಂದರೆ ಸುಳ್ಳು. ಬೇಸರದಿಂದ ಯಾರೂ ಸಾಯುವುದಿಲ್ಲ.

ಇವತ್ತು ಇವರನ್ನು ಕೇಳಿದೆ, ‘ನಿಮಗೆ ನಿಜವಾಗ್ಲೂ ನನ್ನ ಮೇಲೆ ಸಿಟ್ಟೇ ಬರಲ್ವಾ?’

‘ಬರುತ್ತೆ. ಮೊನ್ನೆ ಬಂದಿತ್ತು. ಹೇಳಿದೆನಲ್ಲ, ನೀನು ಕೊಡೆ ಎಲ್ಲೋ ಮರೆತು ಬಂದೆ ಅಂತ ಸಿಟ್ಟು ಬಂದಿದೆ ಅಂತ.’

ಹೌದು, ಹೇಳಿದ್ದರು. ಅದೇ ಇವರ ಸಿಟ್ಟು ಎಂದು ನನಗೆ ಹೊಳೆದೇ ಇರಲಿಲ್ಲ!

22-8, ಶುಕ್ರವಾರ

ಅಪ್ಪನ ಫೋನ್. ಏಪ್ರಿಲ್ ಆದ ಮೇಲೆ ಮೊದಲ ಸಲ.

‘ನಾಡಿದ್ದು ಮೊಮ್ಮಗಳ ಬರ್ತ್‌ಡೇ ಅಲ್ವಾ. ಬರ್ತೀನಿ.’

‘ಬಾ. ಐದಕ್ಕೆ ಕೇಕು. ಏಳರವರೆಗೆ ಇರಬಹುದು.’

‘ನನ್ನ ಮೊಮ್ಮಗಳನ್ನ ನೋಡೋಕೆ ನೀನು ಟೈಮ್ ಕೊಡ್ತೀಯಾ?’

‘ಹೂಂ ಅಪ್ಪ. ಮತ್ತೆ, ನಮ್ಮನೇಲಿ ಕೂಗೋ ಹಾಗಿಲ್ಲ. ಎಸೆಯೋ ಹಾಗಿಲ್ಲ. ಆಗಲ್ಲ ಅಂದ್ರೆ ಬರಬೇಡ.’

ಫೋನ್ ಇಟ್ಟ.

ಕೈ ನಡುಗಿತು. ಮಾತು ನಡುಗಲಿಲ್ಲ.

24-8, ಭಾನುವಾರ. ಸಂಜೆ 5.40

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಐದಕ್ಕೆ ಸರಿಯಾಗಿ ಕೇಕ್ ಕತ್ತರಿಸಿದೆವು. ತಾತನಿಗೆ ಕಾಯೋಣವಾ ಎಂದಳು ಕವನ. ಬೇಡ, ಬಂದಾಗ ಅವರ ಪಾಲು ಕೊಡೋಣ ಎಂದೆ. ಅವಳಿಗೆ ಅಷ್ಟೇ ಸಾಕಾಯಿತು. ಹೋಗಿ ಮೇಣದಬತ್ತಿ ಊದಿದಳು. ನನಗೂ ಅಷ್ಟೇ ಸಾಕಾಗಬೇಕು.

ಒಳಗೆ ಏಳೆಂಟು ಮಕ್ಕಳ ಗಲಾಟೆ. ಪ್ರಕಾಶ ಬಲೂನು ಒಡೆಸಿ ಶೀಲಾ ಕೈಲಿ ಬೈಸಿಕೊಳ್ಳುತ್ತಿದ್ದಾನೆ. ಅದೊಂದು ಡಬ್ ಎಂದಾಗ ಎದೆ ಹಾರಿತು, ಆಮೇಲೆ ಕೆಳಗಿಳಿಯಿತು. ಇಳಿಯುತ್ತದೆ ಎಂಬುದೇ ಹೊಸದು.

ಗೇಟಿನ ಸದ್ದು. ಅಪ್ಪನದೇ ಕೆಮ್ಮು. ಇವರು ಎದ್ದರು, ಬೇಡ ಕೂತಿರಿ ಎಂದೆ. ಯಾವ ಅಪ್ಪ ಬಂದಿದ್ದಾನೋ ಗೊತ್ತಿಲ್ಲ. ಕಿಟಕಿಯಿಂದ ಇಣುಕಿದರೆ ಗೊತ್ತಾಗುತ್ತದೆ. ಇಣುಕುವುದಿಲ್ಲ. ಯಾವ ಅಪ್ಪನೇ ಬಂದಿರಲಿ, ಬಾಗಿಲು ತೆಗೆಯುವವಳು ನಾನು, ಮುಚ್ಚುವವಳೂ ನಾನೇ. ಬೆಲ್ ಆಯಿತು. ಹೋಗಿ ಬಾಗಿಲು ತೆಗೆಯುತ್ತೇನೆ.